ನಮ್ಮ ಭಾವನ ಟಿವಿಯಲ್ಲಿ ಯಾರೂ ಸಾಯುವುದಿಲ್ಲ

ನಮ್ಮ ಭಾವ ಇದುವರೆಗೆ ಒಂದೇ ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ಆದರೂ ಅಬುಧಾಬಿಯ ಖಾಲಿದಿಯಾದಲ್ಲಿ ಅವರಂಥ ಸಿನಿಮಾ ಹುಚ್ಚರು ಇನ್ನೊಬ್ಬರಿಲ್ಲ! ಅದೂ ಎಂಥ ಸಿನಿಮಾ ಅಂತೀರಿ? ಹಾಡಿಲ್ಲ, ಕುಣಿತವಿಲ್ಲ, ನಾಯಕಿ ಮಂಜಿನಲ್ಲಿ ಓಡುವುದಿಲ್ಲ. ಅಮೆರಿಕದಲ್ಲಿ ಬಿಳಿಯರಿಗೊಂದು ನಲ್ಲಿ, ಕಪ್ಪು ಜನರಿಗೊಂದು ನಲ್ಲಿ ಇದ್ದ ಕಾಲದ ಕಥೆಗಳು ಮಾತ್ರ. ಬಸ್ಸಿನ ಹಿಂದಿನ ಸೀಟು, ಮೆರವಣಿಗೆ, ಲಾಠಿ, ಜೈಲು. ಆಸ್ಪತ್ರೆಯಲ್ಲಿ ಯಂತ್ರ ರಿಪೇರಿ ಮಾಡುವ ಮನುಷ್ಯನಿಗೆ ಆ ಜನರ ಮೇಲೆ ಯಾಕಿಷ್ಟು ಪ್ರೀತಿ ಎಂದು ನಾವ್ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕೆಲವರಿಗೆ ಕ್ರಿಕೆಟ್ ಹುಚ್ಚು, ನಮ್ಮಕ್ಕನ ಗಂಡನಿಗೆ ಇದು.

ಇದಕ್ಕಾಗಿಯೇ ಎಲೆಕ್ಟ್ರಾ ಸ್ಟ್ರೀಟಿನಿಂದ ಒಂದು ಟಿವಿ ತಂದರು. ಅದು ಲಿಫ್ಟಿನಲ್ಲಿ ಹಿಡಿಯಲಿಲ್ಲ. ಒಂಬತ್ತು ಮಹಡಿ ಹೊತ್ತದ್ದು ಯಾರು? ನನ್ನ ಗಂಡ! ಅವರ ಸೊಂಟ ಇವತ್ತಿಗೂ ಭಾವನನ್ನು ನೆನೆಯುತ್ತದೆ.

ಶನಿವಾರ ಬೆಳಿಗ್ಗೆ ನಾವು ದುಬೈನ ಸಿಲಿಕಾನ್ ಓಯಸಿಸ್‌ನಿಂದ ಹೊರಟು ಅವರ ಮನೆಗೆ ಹೋಗುತ್ತೇವೆ. ಅಲ್ಲೊಂದು ಕಾನೂನಿದೆ. ಮೊದಲು ಬಂದವರು ಹಿಂದೆ, ಚಾಪೆಯ ಮೇಲೆ. ಕೊನೆಗೆ ಬಂದವರು ಮುಂದೆ, ಸೋಫಾದ ಮೇಲೆ.

"ಎಲ್ಲಾ ಕಡೇನೂ ಮೊದ್ಲು ಬಂದೋರೇ ಮುಂದೆ ಕೂರೋದು. ಒಂದು ಮನೇಲಾದ್ರೂ ತಿರುಗಾ ಮುರುಗಾ ಆಗ್ಲಿ ಬಿಡಮ್ಮ" ಎನ್ನುತ್ತಾರೆ ಭಾವ.

ಪರಿಣಾಮ ಏನಾಯಿತು ಗೊತ್ತೆ? ಯಾರೂ ಹೊತ್ತಿಗೆ ಸರಿಯಾಗಿ ಬರುವುದನ್ನೇ ಬಿಟ್ಟರು! ಪಕ್ಕದ ಫ್ಲಾಟಿನ ಮಂಗಳೂರಿನ ದಂಪತಿ ನಮ್ಮ ಚಪ್ಪಲಿ ಎಣಿಸಿಕೊಂಡು, ಎಲ್ಲರೂ ಬಂದದ್ದು ಖಾತ್ರಿಯಾದ ಮೇಲೆಯೇ ಬೆಲ್ ಒತ್ತುತ್ತಿದ್ದರು. ಒಂದು ಜುಲೈಯಲ್ಲಿ ಅವರಿಗಿಂತಲೂ ತಡವಾಗಿ ಬಂದವನು ಎ.ಸಿ. ರಿಪೇರಿಯವನು. ಭಾವ ಅವನ ಕೈ ಹಿಡಿದು ಸೋಫಾದ ಮೇಲೆ ಕೂರಿಸಿದರು.

"ಸಾಬ್, ಎ.ಸಿ.?"

"ಎ.ಸಿ. ಬಾದ್ ಮೇ. ಪೆಹಲೇ ಪಿಕ್ಚರ್!"

ಅವನು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಎರಡು ಗಂಟೆ ಕಣ್ಣೊರೆಸಿಕೊಂಡ. ಹಿಂದೆ ಚಾಪೆಯ ಮೇಲೆ ನಾವು ಇಡ್ಲಿಯ ಹಾಗೆ ಬೆಂದೆವು.

ಇನ್ನು ಕಾಫಿಯ ಕಥೆ. ಈ ಸಿನಿಮಾಗಳಲ್ಲಿ ಕಪ್ಪು ಹುಡುಗರು ಹೋಟೆಲಿನ ಕೌಂಟರಿನ ಮುಂದೆ ಕೂತು ಕಾಫಿ ಕೇಳುವುದು, ಕೊಡುವುದಿಲ್ಲ ಅನ್ನಿಸಿಕೊಳ್ಳುವುದು ಇದ್ದೇ ಇರುತ್ತದೆ. ಕೂಡಲೇ ಭಾವ ಎದ್ದು ನಿಲ್ಲುತ್ತಾರೆ. "ಕೊಡಲ್ವಾ? ಕೊಡಲ್ವಾ ನೀನು? ಬನ್ರಪ್ಪಾ ಇಲ್ಲಿಗೆ! ಲೇ, ಕಾಫಿ ಇಡೇ!" ಆ ಹುಡುಗರು ಟಿವಿಯಿಂದ ಇಳಿದು ಬರುವುದಿಲ್ಲವಾದ್ದರಿಂದ ಅವರ ಪಾಲಿನದ್ದನ್ನೂ ನಾವೇ ಕುಡಿಯಬೇಕು. ಒಂದು ಸಿನಿಮಾದಲ್ಲಂತೂ ಮೂರು ಹೋಟೆಲುಗಳು. ನನ್ನ ಎದೆ ಸಂಜೆಯವರೆಗೂ ಡವಡವ ಅನ್ನುತ್ತಿತ್ತು.

"ಇವರ ಚಳವಳಿಗೆ ನಂದೇ ಹಾಲು" ಎಂದು ಅಕ್ಕ ಅಡುಗೆಮನೆಯಿಂದ ಗೊಣಗುತ್ತಾಳೆ.

ಎಲ್ಲಕ್ಕಿಂತ ವಿಚಿತ್ರ ಅವರ ಮುಕ್ತಾಯ. ಮೆರವಣಿಗೆ ಗುರಿ ತಲುಪಿತೋ, ಕೋರ್ಟಿನ ತೀರ್ಪು ಬಂತೋ, ಜನ ಅಪ್ಪಿಕೊಂಡರೋ, ರಿಮೋಟು ಟಕ್! "ಖಲಾಸ್! ಗೆದ್ರು! ಯಲ್ಲಾ, ನಡೀರಿ, ಊಟಕ್ಕೇಳಿ!" ಇನ್ನೂ ಕಾಲು ಗಂಟೆ ಬಾಕಿಯಿದೆ ಎಂದರೆ, "ಗೆದ್ದಾಯ್ತಲ್ಲಮ್ಮ, ಇನ್ನೇನು ನೋಡೋದು?" ಎನ್ನುತ್ತಾರೆ. ಹಸಿವು ತಾಳದ ಮನುಷ್ಯ ಎಂದು ನಾವೂ ನಗುತ್ತಾ ಬಿಸಿಬೇಳೆ ಬಾತಿನ ಕಡೆ ನಡೆಯುತ್ತಿದ್ದೆವು.

ಹೀಗಿರುವಾಗ, ಮೆರವಣಿಗೆ ನಡೆಸುವ ಪಾದ್ರಿಯೊಬ್ಬರ ಸಿನಿಮಾವನ್ನು ನನ್ನ ಹನ್ನೆರಡು ವರ್ಷದ ಮಗಳ ಶಾಲೆಯಲ್ಲಿ ತೋರಿಸಿದರು. ಇವಳು ಅದನ್ನು ದೊಡ್ಡಪ್ಪನ ಮನೆಯಲ್ಲಿ ನೋಡಿದ್ದಳು. ಹಾಗಾಗಿ ಮೆರವಣಿಗೆ ಊರು ಮುಟ್ಟಿದ ಕೂಡಲೇ ಚಪ್ಪಾಳೆ ತಟ್ಟಿ, ಬ್ಯಾಗು ಹೆಗಲಿಗೇರಿಸಿ, ಹೊರಟೇ ಬಿಟ್ಟಳಂತೆ! ಟೀಚರ್ ಹಿಡಿದು ಕೂರಿಸಿದರು. ಆಮೇಲೆ ಆ ಪಾದ್ರಿಗೆ ಗುಂಡು ಬಿತ್ತು.

ಅವಳು ಅಳುತ್ತಾ ಮನೆಗೆ ಬಂದಳು. "ದೊಡ್ಡಪ್ಪ ಲೈಡ್ ಟು ಮಿ, ಅಮ್ಮಾ! ಐ ಥಾಟ್ ಹಿ ಲಿವ್ಡ್!"

ಮುಂದಿನ ಶನಿವಾರ ಅವಳು ಬರುವುದಿಲ್ಲ ಎಂದಳು. ಅದರ ಮುಂದಿನ ಶನಿವಾರವೂ ಅಷ್ಟೇ. ಭಾವ ಫೋನ್ ಮಾಡಿದರೆ ಎತ್ತಲಿಲ್ಲ. ಮಕ್ಕಳಿಲ್ಲದ ಭಾವನಿಗೆ ಇವಳೆಂದರೆ ಪ್ರಾಣ. ಮೂರನೆಯ ಶನಿವಾರ ಅವರೇ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು. ಅಷ್ಟು ಸಪ್ಪಗಾದ ಮುಖವನ್ನು ನಾನು ನೋಡಿರಲಿಲ್ಲ.

"ವೈ ಡು ಯು ಆಲ್ವೇಸ್ ಸ್ಟಾಪ್ ಇಟ್?" ಎಂದು ಮಗಳು ಎದುರು ನಿಂತು ಕೇಳಿದಳು.

ಭಾವ ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತರು. ಮಾತಾಡಿದಾಗ ಚಾಮರಾಜನಗರದ ಕಡೆಯ ಅವರ ಊರಿನ ಮಾತೇ ಬಂತು. "ನಮ್ಮೂರಲ್ಲಿ ಒಂದು ಟೀ ಅಂಗಡಿ ಇತ್ತು ಕಣವ್ವ. ನಮ್ ಜಾತಿಯವ್ರು ಒಳಗ ಹೋಗಂಗಿರ್ನಿಲ್ಲ. ಆಚ ಕುಂತು ತೆಂಗಿನ ಚಿಪ್ಪಲ್ಲಿ ಕುಡೀಬೇಕಿತ್ತು. ಒಂದಿನ ನಮ್ಮಪ್ಪ ಒಳಗ ಹೋಗಿ ಬೆಂಚ್ ಮೇಲ ಕುಂತು, ಗಾಜಿನ ಲೋಟದಲ್ಲೇ ಕೊಡಿ ಅಂದ್ರು. ಕೊಟ್ರು. ಕುಡುದ್ರು."

ಅಲ್ಲಿಗೆ ಭಾವ ನಿಲ್ಲಿಸಿದರು.

ಮಗಳು ಅವರ ಪಕ್ಕ ಕೂತು ಕೈ ಹಿಡಿದುಕೊಂಡಳು. "ಆಮೇಲೆ?" ಎಂದು ಕನ್ನಡದಲ್ಲೇ ಕೇಳಿದಳು.

"ಆಮೇಲ ಆಚ ಎಳ್ಕಂಡೋಗಿ ಹೊಡುದ್ರು. ಮೂರ್ನೇ ದಿನ ಆಸ್ಪತ್ರೇಲಿ ಹೋಗ್ಬುಟ್ರು. ನಂಗ ಆಗ ಏಳು ವರ್ಷ."

ಅಕ್ಕನದು ರಿಜಿಸ್ಟರ್ ಮದುವೆ. ಬೇರೆ ಜಾತಿ ಎಂದು ನಮ್ಮಮ್ಮ ಎರಡು ವರ್ಷ ಅವಳೊಡನೆ ಮಾತು ಬಿಟ್ಟಿದ್ದಳು. ನಾನು ಬಿಟ್ಟಿರಲಿಲ್ಲ, ನಾನು ಒಳ್ಳೆಯವಳು ಎಂದುಕೊಂಡಿದ್ದೆ. ಭಾವನ ಅಪ್ಪ ಬೇಗ ತೀರಿಕೊಂಡರು ಎಂಬುದು ಗೊತ್ತಿತ್ತು. ಹೇಗೆ ಎಂದು ಹದಿನೆಂಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಮಗಳು ಕಣ್ಣೊರೆಸಿಕೊಂಡು, "ಅವರ ಹೆಸರೇನು, ದೊಡ್ಡಪ್ಪ?" ಎಂದಳು.

ಅದನ್ನೂ ನಾನು ಕೇಳಿರಲಿಲ್ಲ. ಭಾವ ಅವಳ ಮುಖವನ್ನೇ ನೋಡಿದರು.

"ಸಿದ್ದಯ್ಯ" ಎಂದರು. ಮತ್ತೆ, ಇಡೀ ಮನೆಗೆ ಕೇಳುವ ಹಾಗೆ, "ಸಿದ್ದಯ್ಯ ಅಂತ ಕಣವ್ವ" ಎಂದರು.