ಶತ್ರುವಿಲ್ಲದ ಕ್ಯಾಂಪು

ನನ್ನ ತಂಗಿಯ ಗಂಡನಿಗೆ ಈ ಭೂಮಿಯ ಮೇಲೆ ಒಬ್ಬ ಶತ್ರುವೂ ಇಲ್ಲ. ಎಲೆಕ್ಷನ್ನಿಗೆ ನಿಂತವನಲ್ಲ, ಪಕ್ಕದ ಹೊಲದ ಬದು ಒತ್ತಿದವನಲ್ಲ. ಆದರೂ ಕಲ್ಯಾಣದುರ್ಗದ ಆಚೆ, ತನ್ನ ಎರಡೆಕರೆ ಖುಷ್ಕಿ ಹೊಲದಲ್ಲಿ, ಮಿಲಿಟರಿ ಕ್ಯಾಂಪು ಕಟ್ಟಿಕೊಂಡು ಕೂತಿದ್ದಾನೆ! ಯಾರ ಮೇಲಪ್ಪ ಯುದ್ಧ ಅಂತ ಕೇಳಿದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುತ್ತಾನೆ.

ನಾನು ಓದಿದವಳಲ್ಲ. ಯುದ್ಧದ ವಿಚಾರ ನನಗೇನು ಗೊತ್ತು? ಆದರೆ ಮನೆ ಹೇಗೆ ಕಟ್ಟುತ್ತಾರೆ ಅನ್ನೋದು ಗೊತ್ತು. ಇವನಿಗೆ ಅದು ಗೊತ್ತಿಲ್ಲ ಅನ್ನೋದೇ ಈ ಕತೆ.

ಮೀಸೆ ಮೂಡುವ ಹೊತ್ತಿಗೇ ಮಿಲಿಟರಿ ಸೇರಿದವನು. ಎಲ್ಲೆಲ್ಲೋ ಬೆಟ್ಟದ ಮೇಲೆ, ಮರಳಿನ ಮೇಲೆ, ಹೊಸ ಕ್ಯಾಂಪು ಹಾಕುವುದು ಅವನ ಕೆಲಸ. ನನ್ನ ತಂಗಿ ಮಾತ್ರ ಹಿಂದೂಪುರದಲ್ಲಿ ನನ್ನ ಮನೆಯಲ್ಲೇ ಉಳಿದಳು. ಕ್ವಾರ್ಟರ್ಸ್ ಸಿಕ್ಕ ತಕ್ಷಣ ಕರೆಸಿಕೊಳ್ಳುತ್ತೇನೆ ಅಂತ ರಜೆಗೆ ಬಂದಾಗಲೆಲ್ಲ ಹೇಳುತ್ತಿದ್ದ. ಇವಳ ಮಗಳು ಹುಟ್ಟಿದ್ದು ನನ್ನ ಮನೆಯಲ್ಲಿ, ಅದೇ ಮಗಳ ಮದುವೆ ಚಪ್ಪರ ಬಿದ್ದಿದ್ದೂ ನನ್ನ ಮನೆ ಮುಂದೆ. ಕ್ವಾರ್ಟರ್ಸ್ ಬರಲಿಲ್ಲ. ಕೊನೆಗೆ ಮಿಲಿಟರಿ ಬಿಟ್ಟು ಅವನೇ ಬಂದ, ಒಂದು ಕಪ್ಪು ಟ್ರಂಕು ಹೊತ್ತುಕೊಂಡು.

ಬಂದವನು ನನ್ನ ಮನೆಯಲ್ಲಿ ಸುಮ್ಮನೆ ಕೂತನೇ? ಬೆಂಕಿಯ ಸಾಮಾನು ಮಲಗುವ ಜಾಗದಿಂದ ದೂರ ಇರಬೇಕಂತೆ. ನಾನು ಹುಣಿಸೆ ಮಂಡಿಗೆ ಹೋಗಿ ಬರುವಷ್ಟರಲ್ಲಿ ನನ್ನ ಗ್ಯಾಸ್ ಒಲೆ ಹಿತ್ತಲ ಬೇವಿನ ಮರದ ಕೆಳಗೆ ಇತ್ತು. ಅಂದು ಸಾರಿಗೆ ಒಗ್ಗರಣೆಯ ಜೊತೆ ಕಾಗೆಯ ಪುಕ್ಕವೂ ಬಿತ್ತು. ನೆಂಟರು ಬಂದರೆ ಚಪ್ಪಲಿಗಳನ್ನು ಸಾಲಾಗಿ ನಿಲ್ಲಿಸಿ, ವಕ್ರ ಇದ್ದರೆ ಮತ್ತೆ ಜೋಡಿಸುತ್ತಿದ್ದ. ನನ್ನ ತಾಳ್ಮೆ ಸಣ್ಣದು.

"ನಿನ್ನ ಕ್ಯಾಂಪೆಲ್ಲ ನಿನ್ನ ಹೊಲದಾಗ್ ಹಾಕ್ಕೊಳಪ್ಪ" ಅಂದೆ.

ಬೈಗುಳವನ್ನೂ ಆರ್ಡರು ಅಂತ ತಿಳಿಯುವ ಜಾತಿ ಅದು. ಮರುದಿನವೇ ಹೊರಟುಬಿಟ್ಟ. ಮನೆ ಎದ್ದ ಮೇಲೆ ಬರುತ್ತೇನೆ ಅಂತ ತಂಗಿ ಸೀರೆಗಳನ್ನು ಮಡಿಸಿಟ್ಟುಕೊಂಡಳು.

ಅಲ್ಲಿ ಏನು ಮಾಡಿದ ಗೊತ್ತೇ? ಮೊದಲು ಹಿಡಿ ಮಣ್ಣು ತೂರಿ ತೂರಿ ಗಾಳಿ ನೋಡಿದ. ಆಮೇಲೆ ಗಾಳಿ ಹೋಗುವ ಕಡೆ ಪಾಯಖಾನೆ ಕಟ್ಟಿದ. ಮನೆಗೂ ಮೊದಲು ಪಾಯಖಾನೆ! ಕಂಬದೂರಿನ ಕಡೆಯ ಕುರಿಯವನೊಬ್ಬ ನಿಂತು ನೋಡಿ, "ಏಮಿ ಸಾಮಿ, ನಾವೂ ಗಾಳಿ ನೋಡೇ ಮಂದೆ ಹಾಕೋದು. ಆದ್ರೆ ನಮ್ದು ಹೊತ್ತು ಮುಳುಗೋದ್ರಾಗೆ ಮುಗೀತದೆ" ಅಂದನಂತೆ. ಇವನು ಅದನ್ನೂ ಹೊಗಳಿಕೆ ಅಂದುಕೊಂಡ.

ಪಾಯಖಾನೆಯಾದ ಮೇಲೆ ಕುಡಿಯುವ ನೀರಿಗೆ ಒಂದು ತೊಟ್ಟಿ, ಬಳಸುವ ನೀರಿಗೆ ಇನ್ನೊಂದು. ದೂರದಲ್ಲಿ ಅಡಿಗೆಯ ಶೆಡ್ಡು, ಅದಕ್ಕೆ ಮಿಲಿಟರಿ ಮಾತಿನಲ್ಲಿ ಲಂಗರು ಅಂತ ಹೆಸರು. ಕೆಂಪು ಬಣ್ಣದ ಬಕೆಟ್ಟುಗಳಲ್ಲಿ ಮರಳು ತುಂಬಿ ತೂಗುಹಾಕಿದ. ಬರೀ ಕಲ್ಲಿರುವ ಹೊಲದಲ್ಲಿ ಬೆಂಕಿ ಹತ್ತೋಕೆ ಏನಿದೆ? ಆಮೇಲೆ ದಾರಿಯ ಎರಡೂ ಬದಿಗೆ ಕಲ್ಲು ನೆಟ್ಟು, ಸುಣ್ಣ ಒಂದು ಪಟ್ಟೆ, ಕೆಮ್ಮಣ್ಣು ಒಂದು ಪಟ್ಟೆ ಬಳಿದ. ಕ್ಯಾಂಪೆಂದರೆ ಹಾಗೇ ಇರಬೇಕಂತೆ. ನಮ್ಮ ಸೀಮೆಯಲ್ಲಿ ಸುಣ್ಣ ಕೆಮ್ಮಣ್ಣಿನ ಪಟ್ಟೆ ಕಂಡರೆ ಜನ ಏನು ತಿಳಿಯುತ್ತಾರೆ? ದೇವರು ಅಂತ. ಕೂಲಿಗೆ ಹೋಗುವ ಹೆಂಗಸರು ಮೊದಲ ಕಲ್ಲಿಗೆ ಕುಂಕುಮ ಇಟ್ಟರು, ಮಂಗಳವಾರ ಕಾಯಿ ಒಡೆದರು. ಲಂಗರಿನಲ್ಲಿ ಚಟ್ನಿಗೆ ಬರ ಬರಲಿಲ್ಲ.

ನಕ್ಕೆವು, ನಿಜ. ನಗು ಎಷ್ಟು ದಿನ ಬರುತ್ತದೆ? ಒಂದು ಮಳೆಗಾಲ ಹೋಯಿತು, ಇನ್ನೊಂದೂ ಹೋಯಿತು, ಮನೆ ಮಾತ್ರ ಏಳಲಿಲ್ಲ. ಗಂಡ ಬಿಟ್ಟನಾ ಅಂತ ನಮ್ಮ ಬೀದಿಯವರು ನನ್ನನ್ನು ಕೇಳಿದರು. ತಂಗಿಯನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ದಿನ ಹುಣಿಸೆ ಬೀಜ ಬಿಡಿಸುತ್ತಾ ಕೂತಿದ್ದವಳು, ತಲೆ ಎತ್ತದೆ ಹೇಳಿದಳು.

"ಈ ಸಲ ಹೋಗಿ ನೋಡ್ಕೊಂಡ್ ಬತ್ತೀನಿ ಅಕ್ಕ. ಮಲಗೋಕೆ ಜಾಗ ಇಲ್ದಿದ್ರೆ ಇನ್ನ ನಾನು ಅತ್ಲಾಗೆ ಹೋಗಾಕಿಲ್ಲ. ನನ್ ಹೆಣ ನಿನ್ ಮನೆಯಿಂದ್ಲೇ ಎತ್ತು."

ನಾನೂ ಜೊತೆಗೆ ಹೊರಟೆ. ಕಲ್ಯಾಣದುರ್ಗದಲ್ಲಿ ಬಸ್ಸಿಳಿದು, ಆಟೋ ಹಿಡಿದು ಹೋದೆವು. ಅವನು ಇಸ್ತ್ರಿ ಬಟ್ಟೆ ಹಾಕಿ, ಬೂಟು ಹೊಳೆಸಿ ನಿಂತಿದ್ದ. ತೊಟ್ಟಿ ತೋರಿಸಿದ, ಲಂಗರು ತೋರಿಸಿದ, ಬಕೆಟ್ಟು ತೋರಿಸಿದ. ತಂಗಿ ಎಲ್ಲವನ್ನೂ ನೋಡಿದಳು. ಅವನು ಮಲಗುವ ಡೇರೆಯನ್ನೂ ನೋಡಿದಳು.

"ನಾನ್ ಮಲಗೋದೆಲ್ಲಿ?" ಅಂದಳು.

ಬಯಲಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದ ಒಂದು ಚೌಕ ತೋರಿಸಿದ. ಒಳಗೆ ಏನೂ ಇಲ್ಲ, ಬರೀ ನೆಲ. ತಂಗಿ ಬ್ಯಾಗನ್ನು ಕೆಳಗಿಡಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಇಷ್ಟೆಲ್ಲ ಕಟ್ಟಿದವನಿಗೆ ನಾಲ್ಕು ಗೋಡೆ ಎಬ್ಬಿಸಲು ಏನು ರೋಗ ಅಂತ ಬೈದೆ. ಅವನು ಬೂಟು ನೋಡಿಕೊಂಡು ಮೆಲ್ಲಗೆ ಹೇಳಿದ.

"ನಾವು ಮುಂದಾಗಿ ಹೋಗೋ ಪಾರ್ಟಿ ಕಣಕ್ಕ. ನೀರು, ಪಾಯಖಾನೆ ಗುಂಡಿ, ಲಂಗರು ಇಷ್ಟಾಯ್ತು ಅಂದ್ರೆ ನಮ್ಮನ್ನ ಮುಂದಿನ ಜಾಗಕ್ಕೆ ಕಳ್ಸಿಬುಡ್ತಿದ್ರು. ಕ್ವಾರ್ಟರ್ಸ್ ಏಳೋದು, ಫ್ಯಾಮಿಲಿ ಬರೋದು, ಅವೆಲ್ಲ ನಾವ್ ಹೋದ್ಮೇಲೆ. ಅಷ್ಟ್ ವರ್ಸದಾಗೆ ಒಂದೂ ನೋಡ್ಲಿಲ್ಲ. ದಿನಾ ಈ ಗೆರೆ ತಾವ ಬತ್ತೀನಿ. ಒಳಗೆ ಯಾವ್ದು ಎಲ್ಲಿರ್ಬೇಕೋ ತೋಚಾಕಿಲ್ಲ."

ನನ್ನ ಬಾಯಲ್ಲಿ ಇನ್ನೂ ನಾಲ್ಕು ಬೈಗುಳ ಇದ್ದವು. ನುಂಗಿಕೊಂಡೆ.

ತಂಗಿ ಬ್ಯಾಗನ್ನು ಕೆಳಗಿಟ್ಟಳು. ಆಮೇಲೆ ಚಪ್ಪಲಿ ಬಿಟ್ಟು, ಗೆರೆ ದಾಟಿ, ನಡುವೆ ಹೋಗಿ ನಿಂತಳು.

"ಬಾಗ್ಲು ಮೂಡ್ಲಾಗಿರ್ಲಿ" ಅಂದಳು. "ಈ ಮೂಲೆಗೆ ದೇವ್ರ ಗೂಡು. ಒಲೆ ಒಳಗೇ ಇರ್ಬೇಕು, ಗಾಳಿ ಎತ್ಲಾಗಾರ ಬೀಸ್ಲಿ. ಮಂಚ ಇಲ್ಲಿ."

ಅವನು ಸುಣ್ಣದ ಡಬ್ಬ ಹಿಡಿದು ಹೊರಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದ. ತಂಗಿ ತಿರುಗಿ ನೋಡಿದಳು.

"ಅಲ್ಲೇನ್ ನಿಂತಿದ್ದೀರಾ? ಒಳಗ್ ಬನ್ನಿ."

ಅವನು ಕೂತು, ಬೂಟಿನ ಲೇಸು ಬಿಚ್ಚತೊಡಗಿದ. ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಅವಳು ಕಾದಳು.