ಬಿಡ್ರಿ ಅಂದಿದ್ದಕ್ಕ ಬಿಟ್ಟವರು

ಹುನಗುಂದದ ಸುತ್ತಲಿನ ಊರುಗಳಲ್ಲಿ ತಿರುಗಿ, "ತಂಬಾಕು ಬಿಡ್ರಿ, ಲಸಿಕಿ ಹಾಕಿಸ್ರಿ, ಕ್ಯಾನ್ಸರ್ ಬರೂದಕ್ಕ ಮೊದಲ ತಡೀರಿ" ಎಂದು ಹೇಳುವುದು ನರ್ಸಾದ ನನ್ನ ಕೆಲಸ. ಬೈಸಿಕೊಳ್ಳಲು ತಯಾರಾಗಿಯೇ ಮನೆ ಬಿಡುತ್ತೇನೆ. ವಾಪಸು ಬರುವುದು ಮಾತ್ರ ನಗುತ್ತಲೇ.

ಬಾಯಿ ಖಾಲಿ ಆತು

ಇಳಕಲ್ಲಿನ ಒಬ್ಬ ನೇಕಾರರ ಬಾಯಲ್ಲಿ ಸದಾ ಗುಟಕಾ. ಏನು ಕೇಳಿದರೂ "ಹೂಂ", "ಊಹೂಂ", ಅಷ್ಟೇ. ಒಮ್ಮೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ, ಕೆನ್ನೆಯೊಳಗೆ ಬಿಳಿ ಮಚ್ಚೆ. ದವಾಖಾನೆಗೆ ಕರೆದುಕೊಂಡು ಹೋದೆ. "ಇನ್ನೂ ಕ್ಯಾನ್ಸರ್ ಆಗಿಲ್ಲ. ಬಿಡದಿದ್ದರ ಆಗಬಹುದು" ಎಂದರು ಡಾಕ್ಟರು. ಹೊರಬರುತ್ತ ಬಾಗಿಲಲ್ಲೇ ನೇಕಾರರು ಗುಟಕಾ ಪಾಕೀಟು ಎಸೆದರು. ತಲೆ ಸಿಡಿಯಿತು, ಮಗ್ಗದ ಮುಂದೆ ಕೂತರೆ ಕೈ ಓಡಲಿಲ್ಲ. ಆದರೂ ಮುಟ್ಟಲಿಲ್ಲ. ಕೆಲವು ತಿಂಗಳಲ್ಲಿ ಮಚ್ಚೆ ಹೋಯಿತು.

"ಖುಷಿ ಆತೇನ್ರಿ ಅಕ್ಕಾರ?" ಎಂದು ಅವರ ಹೆಂಡತಿಯನ್ನು ಕೇಳಿದೆ.

"ಭಾಳ ಖುಷಿ ಆಗೇತ್ರಿ. ಆದ್ರ ಬಾಯಿ ಖಾಲಿ ಆದಾಗಿಂದ ಸಾರು ಸಪ್ಪಗ, ರೊಟ್ಟಿ ದಪ್ಪ ಅಂತ ಒಂದ ಸವನ ಮಾತಾಡ್ತಾರ್ರಿ!"

ಬೀಡಿಗೆ ಬದಲಿ

ಅಮೀನಗಡದ ನಿವೃತ್ತ ಮಾಸ್ತರೊಬ್ಬರು ವರ್ಷಾನುಗಟ್ಟಲೆ ಸೇದಿದ ಬೀಡಿಯನ್ನು ನಮ್ಮ ಮಾತು ಕೇಳಿ ಬಿಟ್ಟೇಬಿಟ್ಟರು. ಬೀಡಿ ನೆನಪಾದಾಗಲೆಲ್ಲ ಊರಿನ ಹೆಸರುವಾಸಿ ಸಿಹಿ ಕರದಂಟು ಒಂದು ತುಂಡು ಬಾಯಿಗೆ. ಬೀಡಿ ಹೋಯಿತು, ಹೊಟ್ಟೆ ಬಂತು.

"ಮಾಸ್ತರ, ಬೊಜ್ಜೂ ಒಳ್ಳೇದಲ್ರಿ. ಅದರಿಂದನೂ ಕ್ಯಾನ್ಸರ್ ಬರಬಹುದು" ಎಂದೆ.

ಮರುದಿನದಿಂದಲೇ ಕಮತಗಿ ರಸ್ತೆಯಲ್ಲಿ ಬಿರುಸಾಗಿ ನಡೆಯತೊಡಗಿದರು. ಆ ಹಟಕ್ಕೆ ಕೈ ಮುಗಿಯಬೇಕು. "ಕರದಂಟು?" ಎಂದೆ, ಮೆಲ್ಲಗೆ.

"ಬೀಡಿ ಬಿಡಬೇಕಂದ್ರ ಮನಸ್ಸು ಗಟ್ಟಿ ಇದ್ರ ಸಾಕವ್ವಾ. ಕರದಂಟು ಬಿಡಬೇಕಂದ್ರ ಅಮೀನಗಡಾನ ಬಿಡಬೇಕಾಕ್ಕೇತಿ!"

ಮೊದಲ ನನಗ

ಕಮತಗಿಯ ಶಾಲೆಯೊಂದರಲ್ಲಿ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಲು ಕೂತಿದ್ದೆ. ಲಸಿಕೆಯ ಬಗ್ಗೆ ಏನೇನೋ ಸುದ್ದಿ ಕೇಳಿ ಹೆದರಿ ತಾಯಂದಿರೆಲ್ಲ ಮಕ್ಕಳ ಜೊತೆ ಗೇಟಿನ ಹೊರಗೇ ನಿಂತಿದ್ದರು. ಒಬ್ಬ ಅಜ್ಜಿ ಮಾತ್ರ ಮೊಮ್ಮಗಳ ಕೈ ಹಿಡಿದು ಒಳಗೆ ಬಂದಳು.

"ನಮ್ಮಕ್ಕ ಇದ ರೋಗದಾಗ ನರಳಿ ಹೋದ್ಲು. ಆಗ ಈ ಸೂಜಿ ಇದ್ದಿದ್ದಿಲ್ಲ" ಎಂದವಳೇ ಕುಬಸದ ತೋಳು ಮೇಲೇರಿಸಿದಳು. "ಮೊದಲ ನನಗ ಹಾಕು. ಎಲ್ಲಾರೂ ನೋಡ್ಲಿ. ನನಗೇನೂ ಆಗಲಿಲ್ಲಂದ್ರ ಹುಡುಗ್ಯಾರಿಗೆ ಹಾಕು."

"ಅಜ್ಜಿ, ಇದು ವಯಸ್ಸಾದವರಿಗೆ ಅಲ್ಲ."

ಮೊಮ್ಮಗಳು ನಗುತ್ತ ತಾನೇ ತೋಳು ಚಾಚಿದಳು. ಗೇಟಿನ ಹೊರಗಿದ್ದ ತಾಯಂದಿರು ಒಬ್ಬೊಬ್ಬರಾಗಿ ಒಳಗೆ ಬಂದರು. ಅಳುವ ಹುಡುಗಿಯರ ತಲೆ ಸವರುತ್ತ ಅಜ್ಜಿ ಕೊನೆಯವರೆಗೂ ಅಲ್ಲೇ ನಿಂತಳು. ಎಲ್ಲ ಮುಗಿದು ಡಬ್ಬಿ ಮುಚ್ಚುವಾಗ ನೋಡಿದರೆ, ತೋಳು ಇನ್ನೂ ಹಾಗೇ ಮೇಲೇರಿಸಿಕೊಂಡಿದ್ದಳು.

"ವಯಸ್ಸಾದವ್ರಿಗೆ ಅಲ್ಲ ಅಂದಿ, ಖರೆ" ಎಂದಳು. "ನನಗ ಯಾವಾಗ ಹಾಕ್ತಿ?"