ದೆವ್ವಕ್ಕೆ ಬಣ್ಣ ಹಚ್ಚಿದ ದಿನಗಳು

ದುಃಖದ ಮನೆಗೆ ನಗು ಹೇಳಿ ಕೇಳಿ ಬರುವುದಿಲ್ಲ. ನನ್ನ ಪಾಲಿಗಂತೂ ಅದು ಬರಬಾರದ ಹೊತ್ತಿನಲ್ಲೇ ಬಂದಿದೆ. ನಾನು ಗೋಕಾಕದವ, ನಾಟಕದವರಿಗೆ ಬಣ್ಣ ಹಚ್ಚುವವ. ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ದೆವ್ವದ ಸಿನಿಮಾ ತೆಗೆಯುವವರು ಬಂದು ಕರೆದರು. ಕೆಲಸಕ್ಕೆ ಹೋದರೆ ಅಕಿನ್ನ ಮರೀತಿ ಎಂದು ಅಣ್ಣ ನನ್ನನ್ನು ದಬ್ಬಿ ಕಳಿಸಿದ. ಹೋಗಿ ಕೇಳಿದರೆ ಕಥೆ ಇದು: ಸತ್ತ ಹೆಂಡತಿ ಗಂಡನ ಮನೆಗೆ ತಿರುಗಿ ಬರುತ್ತಾಳೆ.

ಅರಿಶಿನ

ಮೊದಲ ದಿನ ನಟಿಯ ಕೆನ್ನೆಗೆ ಅರಿಶಿನ ಹಚ್ಚಿ, ಹಣೆ ತುಂಬ ಕುಂಕುಮವಿಟ್ಟು, ಹಸಿರು ಬಳೆ ತೊಡಿಸಿ ಕೂರಿಸಿದೆ. ನಿರ್ದೇಶಕ ಬೆಂಗಳೂರಿನವನು. ಇದೇನು ಮದುವೆ ಹೆಣ್ಣೇ, ದೆವ್ವ ಬೆಳ್ಳಗಿರಬೇಕು ಎಂದು ರೇಗಿದ.

"ಗಂಡನಕಿಂತ ಮೊದಲ ಹೋದಾಕಿನ್ನ ನಮ್ಮ ಕಡೆ ಹಿಂಗ ಕಳಸ್ತಾರ್ರಿ. ಮೊನ್ನಿ ನಾನ ಕಳಿಸೇನಿ," ಎಂದೆ.

ಅವನು ಟೋಪಿ ತೆಗೆದು, ತಲೆ ತಗ್ಗಿಸಿ ಒಂದು ನಿಮಿಷ ನಿಂತ. ಆಮೇಲೆ ಮೆಲ್ಲಗೆ, "ಹಾಗಾದರೆ ಪೌಡರ್ ಸ್ವಲ್ಪ ಜಾಸ್ತಿ ಹಾಕಿಬಿಡಿ" ಎಂದ.

ಅಳು

ಹೆಣದ ಮುಂದೆ ಅಳುವ ದೃಶ್ಯವನ್ನು ಮೇಲವಂಕಿಯ ಒಂದು ಮನೆಯ ಅಂಗಳದಲ್ಲಿ ತೆಗೆದರು. ಅಳಲು ಆ ಓಣಿಯ ಹೆಂಗಸರನ್ನೇ ಕರೆಸಿದ್ದರು. ಮೊದಮೊದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮನೆಯೊಡತಿ ಮುದುಕಿ ಹಾಡಿಕೊಂಡು ಅಳಲು ಶುರುಮಾಡಿದಳು ನೋಡಿ, ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ನಿರ್ದೇಶಕ ಕಟ್ ಎಂದರೆ ಕೇಳುವವರಿಲ್ಲ. ಅಷ್ಟರಲ್ಲಿ ಅವರು ಸಿನಿಮಾದ ಹೆಣ ಬಿಟ್ಟು ತಮ್ಮ ತಮ್ಮವರನ್ನು ನೆನೆದು ಅಳುತ್ತಿದ್ದರು. ಒಬ್ಬಳಿಗೆ ತಾಯಿ, ಒಬ್ಬಳಿಗೆ ಮಗ, ಒಬ್ಬಳಿಗೆ ಹಿಂಡುವ ಎಮ್ಮೆ. ನಿಲ್ಲಿಸಿರಮ್ಮಾ ಎಂದು ನಿರ್ದೇಶಕ ಕೈಮುಗಿದ.

"ಅಳ್ರಿ ಅಂದಾವ್ರು ನೀವ," ಎಂದಳು ಮುದುಕಿ. "ನಿಲ್ಲಸೂದು ನಮ್ಮ ಕೈಯಾಗ ಇಲ್ರಿ."

ಕ್ಯಾಮೆರಾದವನೂ ಕಣ್ಣೊರೆಸಿಕೊಳ್ಳುತ್ತಿದ್ದ. ಇಡೀ ಅಂಗಳದಲ್ಲಿ ಅಳು ಬಾರದೆ ಒದ್ದಾಡುತ್ತಿದ್ದವನು ಒಬ್ಬನೇ, ಹೆಂಡತಿ ಕಳಕೊಂಡ ಗಂಡನ ಪಾತ್ರದವನು. ಅವನ ಕಣ್ಣಿಗೆ ನಾನು ಗ್ಲಿಸರಿನ್ ಹಾಕುತ್ತಿದ್ದೆ.

ನಂಬಿಕೆ

ಹತ್ತರಗಿ ಹೆದ್ದಾರಿ ಬದಿಯಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತ ನಟಿ ನನ್ನನ್ನು ಕೇಳಿದಳು, ದೆವ್ವ ನಿಜವಾಗಿ ಬರುತ್ತವೆಯೇ ಎಂದು.

"ದಿನಾ ದಾರಿ ನೋಡಾಕತ್ತೇನಿ," ಎಂದೆ. "ಇನ್ನೂ ಬಂದಿಲ್ರಿ."

ಮರುದಿನದಿಂದ ಅವಳು ತಾನೇ ಬಣ್ಣ ಹಚ್ಚಿಕೊಂಡಳು.

ಮ್ಯಾಟಿನಿ

ಸಿನಿಮಾ ಮೂಡಲಗಿಗೆ ಬಂದಾಗ ಅತ್ತಿ, ಅಂದರೆ ನನ್ನ ಹೆಂಡತಿಯ ತಾಯಿ, ನೋಡಲೇಬೇಕೆಂದು ಹಟ ಹಿಡಿದಳು. ಸತ್ತ ಮಗಳು ತಿರುಗಿ ಬರುವ ಕಥೆಯೆಂದು ಯಾರೋ ಕಿವಿಗೆ ಹಾಕಿದ್ದರು. ಮ್ಯಾಟಿನಿಗೆ ಕರೆದೊಯ್ದೆ. ಜನ ಕಿರುಚಿದಾಗೆಲ್ಲ ಅವಳು ಕಣ್ಣರಳಿಸಿ ಮುಂದಕ್ಕೆ ಬಾಗುತ್ತಿದ್ದಳು. ಕೊನೆಗೆ ಮಂತ್ರವಾದಿ ಬಂದು ದೆವ್ವವನ್ನು ಓಡಿಸಿದ. ಗಂಡ ದಡಾರನೆ ಬಾಗಿಲಿಗೆ ಚಿಲಕ ಹಾಕಿದ. ಜನವೆಲ್ಲ ಚಪ್ಪಾಳೆ ತಟ್ಟಿತು. ಅತ್ತಿ ಎದ್ದು ನಿಂತಳು. ಇಷ್ಟು ದೂರದಿಂದ ಮನಿಗೆ ಬಂದಾಕಿನ್ನ ಹೊರಗ ಹಾಕಿದೆಲ್ಲೋ, ನಿನ್ನ ಬಾಯಾಗ ಮಣ್ಣು ಬೀಳ್ಲಿ ಎಂದು ಪರದೆಯ ಮೇಲಿನ ಗಂಡನನ್ನು ಬೈಯತೊಡಗಿದಳು. ಟಾಕೀಜಿಗೆ ಟಾಕೀಜೇ ನಕ್ಕಿತು. ಗೇಟಿನವನು ಓಡಿ ಬಂದ. ನಾನು ಕೈ ಹಿಡಿದು ಕೂರಿಸಿದೆ.

ಅವಳು ನನ್ನ ಕಡೆ ತಿರುಗಿ, ನೀವೂ ಹಿಂಗ ಮಾಡಾವ್ರ ಏನ್ರಿ ಎಂದು ಕೇಳಿದಳು. ಇಲ್ಲ ಅತ್ತಿ, ಬಾಗಲಾ ತೆರೆದ ಇಟ್ಟೇನಿ ಎಂದೆ.

ಅತ್ತಿ ತಲೆ ಅಲ್ಲಾಡಿಸಿದಳು.

"ಬಾಗಲಾ ತೆರೆದರಷ್ಟ ಸಾಲೂದಿಲ್ರಿ," ಎಂದಳು. "ಅಕಿ ಬಂದ ದಿನಾ ಚಾ ನೀವ ಮಾಡ್ರಿ. ಸತ್ತ ಮ್ಯಾಲರೆ ಅಕಿನ್ನ ಕುಂದ್ರಾಕ ಬಿಡ್ರಿ."